ವಿವೇಕಿಯ ಅಳತೆಗೋಲು: ನಿರ್ಲಕ್ಷ್ಯದ ವ್ಯಾಜ್ಯಗಳಲ್ಲಿ ಕರ್ತವ್ಯಭಂಗದ ನಿರ್ಣಯ

ಒಬ್ಬನ ನಡವಳಿಕೆಯಿಂದ ಮತ್ತೊಬ್ಬನಿಗೆ ಕೇಡು ಸಂಭವಿಸಿದಾಗ ಆ ಕೇಡಿನ ಭಾರವನ್ನು ಯಾರು ಹೊರತಕ್ಕದ್ದು ಎಂಬುದು ಎಲ್ಲ ದೇಶಗಳ ನ್ಯಾಯಶಾಸ್ತ್ರವನ್ನೂ ಕಾಡಿರುವ ಪ್ರಶ್ನೆ. ಇಂಗ್ಲೆಂಡಿನ ಕಾನೂನು ಇದಕ್ಕೆ ಕೊಟ್ಟ ಉತ್ತರವನ್ನು ಪಠ್ಯಗ್ರಂಥಗಳು ಮೂರು ಮೆಟ್ಟಿಲುಗಳಾಗಿ ಒಡೆದು ಹೇಳುತ್ತವೆ. ವಾದಿಯ ವಿಷಯದಲ್ಲಿ ಪ್ರತಿವಾದಿಗೆ ಎಚ್ಚರಿಕೆಯ ಕರ್ತವ್ಯವಿತ್ತೆ? ಆ ಕರ್ತವ್ಯಕ್ಕೆ ಭಂಗ ಬಂದಿತೆ? ಆ ಭಂಗದಿಂದಲೇ ನಷ್ಟವುಂಟಾಯಿತೆ? ಇವುಗಳಲ್ಲಿ ಮೊದಲನೆಯದನ್ನು ಕುರಿತು, ಅದರಲ್ಲಿಯೂ 1932ರ ಡೊನಹ್ಯೂ ಮತ್ತು ಸ್ಟೀವನ್‌ಸನ್ ವ್ಯಾಜ್ಯದ ತರುವಾಯ, ಬೆಳೆದಿರುವ ವಾಙ್ಮಯ ಅಪಾರವಾದುದು. ಎರಡನೆಯದಕ್ಕೆ ನಮ್ಮ ತರಗತಿಗಳಲ್ಲಿ ದೊರೆಯುವ ಕಾಲಾವಕಾಶ ಅಲ್ಪ. ‘ಸಾಮಾನ್ಯ ವಿವೇಕಿಯಾದವನು ಹೇಗೆ ನಡೆಯುತ್ತಿದ್ದನೋ ಹಾಗೆ ನಡೆಯದಿರುವುದೇ ಕರ್ತವ್ಯಭಂಗ’ ಎಂದು ಬರೆಸಿ ಮುಂದಕ್ಕೆ ಹೋಗುವುದು ವಾಡಿಕೆ. ಆದರೆ ಕಕ್ಷಿಗಾರನ ಪಾಲಿಗೆ ಗೆಲುವು ಸೋಲುಗಳು ಬಹುಮಟ್ಟಿಗೆ ನಿರ್ಣಯವಾಗುವುದು ಈ ಎರಡನೆಯ ಮೆಟ್ಟಿಲಿನ ಮೇಲೆಯೇ. ರಸ್ತೆಯಲ್ಲಿ ವಾಹನ ನಡೆಸುವವನಿಗೆ ದಾರಿಹೋಕರ ವಿಷಯದಲ್ಲಿ ಕರ್ತವ್ಯವುಂಟೆಂಬುದನ್ನು ಯಾರೂ ಅಲ್ಲಗಳೆಯರು. ಅವನು ಅಂದು ಆ ತಿರುವಿನಲ್ಲಿ ನಡೆಸಿದ ರೀತಿ ತಪ್ಪೆ ಎಂಬುದಷ್ಟೆ ವಿವಾದ.

ಈ ಅಳತೆಗೋಲು ಹೇಗೆ ರೂಪುಗೊಂಡಿತು, ಅದನ್ನು ಹಿಡಿದ ಕೈ ಯಾವುದು ಎಂಬುದನ್ನು ಕೆಲವು ವ್ಯಾಜ್ಯಗಳ ಮೂಲಕ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ವಿವೇಕಿ ಯಾರು ಎಂಬ ಪ್ರಶ್ನೆ ತೋರುವಷ್ಟು ಕಠಿಣವಲ್ಲ. ಆ ವಿವೇಕಿಯನ್ನು ಯಾವ ಘಳಿಗೆಯಲ್ಲಿ ನಿಲ್ಲಿಸಿ ನೋಡಬೇಕು ಎಂಬುದೇ ಹೆಚ್ಚು ಕಠಿಣವಾದುದು. ಅನಾಹುತ ನಡೆದುಹೋದ ಮೇಲೆ ನ್ಯಾಯಾಲಯ ಕುಳಿತುಕೊಳ್ಳುತ್ತದೆ. ನಡೆಯುವುದಕ್ಕೆ ಮುಂಚಿನ ಘಳಿಗೆಯನ್ನು ಅದು ತೂಗಬೇಕಾಗುತ್ತದೆ. ‘ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು’ ಎಂಬ ನಮ್ಮ ಗಾದೆ ಯಾವ ದೌರ್ಬಲ್ಯವನ್ನು ಹಾಸ್ಯಮಾಡುತ್ತದೆಯೋ ಅದೇ ದೌರ್ಬಲ್ಯ ನ್ಯಾಯಪೀಠಕ್ಕೂ ಅಂಟಿಕೊಂಡಿದೆ. ಅದರಿಂದ ಬಿಡಿಸಿಕೊಳ್ಳಲು ನ್ಯಾಯಾಧೀಶರು ಮಾಡಿದ ಪ್ರಯತ್ನಗಳೇ ಈ ಚರಿತ್ರೆಯ ಮುಖ್ಯ ಭಾಗವೆನ್ನಬಹುದು.

ಕಥೆ ಒಂದು ಹುಲ್ಲಿನ ಬಣವೆಯಿಂದ ಮೊದಲಾಗುತ್ತದೆ. ಮೆನ್‌ಲವ್ ಎಂಬ ಜಮೀನುದಾರನು ತನ್ನ ನೆಲದ ಎಲ್ಲೆಗೆ ಹತ್ತಿಕೊಂಡಂತೆ ಬಣವೆಯೊಂದನ್ನು ಒಟ್ಟಿದನು. ಪಕ್ಕದ ನೆಲದಲ್ಲಿದ್ದ ಎರಡು ಗುಡಿಸಲುಗಳಲ್ಲಿ ವಾನ್ ಎಂಬುವನಿಗೆ ಹಕ್ಕಿತ್ತು. ಸರಿಯಾಗಿ ಒಣಗದ ಹುಲ್ಲನ್ನು ಒಟ್ಟಿದರೆ ಒಳಗೆ ಕಾವೇರಿ ತಾನಾಗಿಯೇ ಹೊತ್ತಿಕೊಳ್ಳುವುದುಂಟೆಂದು ನಮ್ಮ ರೈತರಿಗೂ ಗೊತ್ತು. ಅಲ್ಲಿನ ನೆರೆಹೊರೆಯವರು ಸುಮಾರು ಐದು ವಾರಗಳ ಕಾಲ ಮೆನ್‌ಲವ್‌ನನ್ನು ಎಚ್ಚರಿಸುತ್ತಲೇ ಇದ್ದರು. ಆದದ್ದಾಗಲಿ, ನೋಡೋಣ ಎಂಬರ್ಥದ ಉತ್ತರವನ್ನು ಅವನು ಕೊಟ್ಟನಂತೆ. ಅವನ ಸರಕಿಗೆ ವಿಮೆಯಿತ್ತೆಂಬುದೂ ಸಾಕ್ಷ್ಯದಲ್ಲಿ ಬಂದಿತು. ಕಡೆಗೆ ಕಾವು ಹೊರಹೋಗಲೆಂದು ಬಣವೆಯ ನಡುವೆ ಒಂದು ಹೊಗೆಗಂಡಿಯನ್ನು ಮಾಡಿಸಿದನು. ಬಣವೆ ಹೊತ್ತಿತು, ಬೆಂಕಿ ಅವನ ಕೊಟ್ಟಿಗೆಗೂ ಲಾಯಕ್ಕೂ ಹಬ್ಬಿ, ಅಲ್ಲಿಂದ ವಾನ್‌ನ ಗುಡಿಸಲುಗಳನ್ನು ಸುಟ್ಟುಹಾಕಿತು.

1837ರಲ್ಲಿ ಈ ವ್ಯಾಜ್ಯ ಕಾಮನ್ ಪ್ಲೀಸ್ ನ್ಯಾಯಾಲಯದ ಮುಂದೆ ಬಂದಾಗ ಪ್ರತಿವಾದಿಯ ವಕೀಲರು ಎತ್ತಿದ ವಾದ ಕುತೂಹಲಕರವಾದುದು. ತಮ್ಮ ಕಕ್ಷಿಗಾರನು ತನಗಿದ್ದಷ್ಟು ಬುದ್ಧಿಯನ್ನು ಪ್ರಾಮಾಣಿಕವಾಗಿ ಉಪಯೋಗಿಸಿದನೆ ಎಂದು ಜ್ಯೂರಿಯನ್ನು ಕೇಳಬೇಕಾಗಿತ್ತು. ಉತ್ತಮ ದರ್ಜೆಯ ಬುದ್ಧಿ ಇಲ್ಲದಿರುವುದು ದುರದೃಷ್ಟವೇ ಹೊರತು ಅಪರಾಧವಲ್ಲ ಎಂಬುದು ಅವರ ನಿಲುವು. ಮುಖ್ಯ ನ್ಯಾಯಾಧೀಶ ಟಿಂಡಲ್ ಇದನ್ನು ಒಪ್ಪಲಿಲ್ಲ. ಒಬ್ಬೊಬ್ಬನ ಬುದ್ಧಿಯನ್ನೇ ಅಳತೆಯಾಗಿ ಹಿಡಿದರೆ, ಒಬ್ಬೊಬ್ಬನ ಪಾದದ ಉದ್ದವನ್ನು ಅಡಿಕೋಲು ಮಾಡಿಕೊಂಡಂತೆ ಅಳತೆಯೇ ಇಲ್ಲದಂತಾಗುವುದೆಂದು ಅವರು ತೀರ್ಮಾನಿಸಿದರು. ಸಾಮಾನ್ಯ ವಿವೇಕವುಳ್ಳವನು ತೋರುವ ಎಚ್ಚರವೇ ಎಲ್ಲರಿಗೂ ಒಂದೇ ಅಳತೆಯಾಯಿತು. ಅಮೆರಿಕದ ಹೋಮ್ಸ್ 1881ರ ತಮ್ಮ ಗ್ರಂಥದಲ್ಲಿ ಇದಕ್ಕೆ ತಾತ್ತ್ವಿಕ ಸಮರ್ಥನೆಯನ್ನು ಒದಗಿಸಿದರು. ಹುಟ್ಟಿನಿಂದಲೇ ಅವಸರದವನೂ ನಾಜೂಕಿಲ್ಲದವನೂ ಆದ ಒಬ್ಬನನ್ನು ದೇವರ ನ್ಯಾಯಸ್ಥಾನದಲ್ಲಿ ಕ್ಷಮಿಸಬಹುದು. ನೆರೆಯವನಿಗಾದ ನಷ್ಟ ಮಾತ್ರ ಅದರಿಂದ ಕಡಮೆಯಾಗುವುದಿಲ್ಲ ಎಂಬುದು ಅವರ ವಿಚಾರದ ತಿರುಳು. ಕಾರು ನಡೆಸುವುದನ್ನು ಇನ್ನೂ ಕಲಿಯುತ್ತಿರುವವರನ್ನೂ ನುರಿತ ಚಾಲಕರ ಅಳತೆಯಿಂದಲೇ ಅಳೆಯಬೇಕೆಂದು 1971ರ ನೆಟಲ್‌ಶಿಪ್ ವ್ಯಾಜ್ಯದಲ್ಲಿ ತೀರ್ಪಾದದ್ದು ಇದೇ ತತ್ತ್ವದ ಕೊನೆಯ ಹೆಜ್ಜೆ. ನಿಷ್ಠುರವಾದ ಹೆಜ್ಜೆಯೆಂಬುದೂ ನಿಜವೆ.

ಬಣವೆಯ ವ್ಯಾಜ್ಯದಲ್ಲಿ ಕಾಲದ ತೊಡಕು ಇರಲಿಲ್ಲ. ಐದು ವಾರಗಳ ಎಚ್ಚರಿಕೆ ಎಲ್ಲವನ್ನೂ ಮುಂಚೆಯೇ ಹೇಳಿಬಿಟ್ಟಿತ್ತು. ತೊಡಕು ಸ್ಪಷ್ಟವಾಗಿ ಕಾಣಿಸಿಕೊಂಡದ್ದು 1856ರ ಬ್ಲೈತ್ ಮತ್ತು ಬರ್ಮಿಂಗ್‌ಹ್ಯಾಮ್ ನೀರು ಸರಬರಾಯಿ ಕಂಪನಿಯ ವ್ಯಾಜ್ಯದಲ್ಲಿ. ಕಂಪನಿಯು ರಸ್ತೆಯ ಕೊಳವೆಗಳಿಗೆ ಬೆಂಕಿ ಆರಿಸಲು ನೀರು ತೆಗೆಯುವ ಬಿರಡೆಗಳನ್ನು ಶಾಸನದ ಪ್ರಕಾರವೇ ಅಳವಡಿಸಿತ್ತು. ಬ್ಲೈತ್‌ನ ಮನೆಯ ಎದುರಿಗಿದ್ದ ಬಿರಡೆ 25 ವರ್ಷಗಳ ಕಾಲ ಯಾವ ತೊಂದರೆಯನ್ನೂ ಕೊಟ್ಟಿರಲಿಲ್ಲ. 1855ರ ಜನವರಿಯಲ್ಲಿ ಮೊದಲಾದ ಅತಿಕಠಿಣವಾದ ಹಿಮಗಾಲದಲ್ಲಿ ನೀರು ಹೆಪ್ಪುಗಟ್ಟಿ, ಫೆಬ್ರುವರಿ 24ರಂದು ಕೊಳವೆಯ ನೀರು ನೆಲವನ್ನು ಕೊರೆದುಕೊಂಡು ಮನೆಯೊಳಕ್ಕೆ ನುಗ್ಗಿತು. ಕೆಳಗಿನ ನ್ಯಾಯಾಲಯದ ಜ್ಯೂರಿ ವಾದಿಯ ಪರವಾಗಿತ್ತು. ಬಿರಡೆಯ ಸುತ್ತ ಕಟ್ಟಿದ್ದ ಹಿಮವನ್ನು ಕಂಪನಿಯವರು ತೆಗೆಸಬಹುದಿತ್ತು ಎಂಬ ಮಾತು ಘಟನೆಯಾದ ಮೇಲೆ ಯಾರಿಗೆ ತಾನೆ ಹೊಳೆಯದು? ಎಕ್ಸ್‌ಚೆಕರ್ ನ್ಯಾಯಾಲಯ ಆ ತೀರ್ಪನ್ನು ಬದಲಿಸಿತು. ನ್ಯಾಯಾಧೀಶ ಆಲ್ಡರ್‌ಸನ್ ಇಲ್ಲಿ ಕೊಟ್ಟ ಲಕ್ಷಣವನ್ನು ಎಲ್ಲ ವಿದ್ಯಾರ್ಥಿಗಳೂ ಕಂಠಪಾಠ ಮಾಡಿದ್ದಾರೆ: ವಿವೇಕಿಯಾದವನು ಮಾಡುವುದನ್ನು ಮಾಡದೆ ಬಿಡುವುದು ಅಥವಾ ಮಾಡದಿರುವುದನ್ನು ಮಾಡುವುದು ನಿರ್ಲಕ್ಷ್ಯ. ಆದರೆ ವ್ಯಾಜ್ಯವನ್ನು ನಿರ್ಣಯಿಸಿದ್ದು ಆ ಲಕ್ಷಣವಲ್ಲ, ಅದರ ಜೊತೆಗಿದ್ದ ಒಂದು ಮಾತು. ವಿವೇಕಿ ಹಿಂದಿನ ವರ್ಷಗಳ ಸರಾಸರಿ ಹವೆಯನ್ನು ಆಧರಿಸಿ ನಡೆಯುತ್ತಾನೆ. ಧ್ರುವಪ್ರದೇಶದಿಂದ ದಕ್ಷಿಣಕ್ಕೆ ಸಾಮಾನ್ಯವಾಗಿ ಕಾಣದಷ್ಟು ಆಳಕ್ಕೆ ಇಳಿದ ಹಿಮವನ್ನು ಅವನು ಮುಂಗಾಣಬೇಕಾಗಿರಲಿಲ್ಲ. ಪಾಠಪುಸ್ತಕಗಳು ಲಕ್ಷಣವನ್ನು ಉಳಿಸಿಕೊಂಡು ಹಿಮವನ್ನು ಮರೆತಿರುವುದು ವಿಷಾದದ ಸಂಗತಿ.

ಇಲ್ಲಿ ಒಂದು ಸಾಂಸ್ಥಿಕ ಬದಲಾವಣೆಯನ್ನು ಗಮನಿಸದೆ ಮುಂದಿನದು ಅರ್ಥವಾಗದು. ಹತ್ತೊಂಬತ್ತನೆಯ ಶತಮಾನದಲ್ಲಿ ಕರ್ತವ್ಯಭಂಗವಾಯಿತೆ ಎಂಬುದು ಜ್ಯೂರಿ ಉತ್ತರಿಸುವ ಪ್ರಶ್ನೆ. ಜ್ಯೂರಿ ಕಾರಣಗಳನ್ನು ಹೇಳುವುದಿಲ್ಲ. ಹೌದು ಅಥವಾ ಅಲ್ಲ ಎಂದಷ್ಟೆ ಹೇಳಿ ಎದ್ದುಹೋಗುತ್ತದೆ. ‘ವಿವೇಕಿ’ ಎಂಬ ಕಲ್ಪನೆ ಹುಟ್ಟಿದ್ದೇ ಈ ಸಾಮಾನ್ಯರಿಗೆ ನ್ಯಾಯಾಧೀಶನು ಮಾಡುವ ಉಪದೇಶಕ್ಕಾಗಿ. ಲಂಡನ್ನಿನ ಕ್ಲ್ಯಾಪಮ್ ಕಡೆಗೆ ಹೋಗುವ ಬಸ್ಸಿನ ಪ್ರಯಾಣಿಕ ಎಂದು ಅವನಿಗೆ ಮುಂದೆ ಒಂದು ವಿಳಾಸವೂ ದೊರೆಯಿತು. (ಈ ವಿವೇಕಿ ಯಾವಾಗಲೂ ಗಂಡಸೇ ಆಗಿದ್ದುದನ್ನು ಎ. ಪಿ. ಹರ್ಬರ್ಟ್ ತಮ್ಮ ವಿಡಂಬನೆಯೊಂದರಲ್ಲಿ ಗೇಲಿಮಾಡಿದ್ದಾರೆ: ಇಂಗ್ಲೆಂಡಿನ ಕಾನೂನಿನಲ್ಲೆಲ್ಲೂ ವಿವೇಕವತಿಯಾದ ಹೆಂಗಸಿನ ಪ್ರಸ್ತಾಪವಿಲ್ಲವಂತೆ.) 1933ರ ಶಾಸನದ ತರುವಾಯ ಇಂಗ್ಲೆಂಡಿನ ಸಿವಿಲ್ ವ್ಯಾಜ್ಯಗಳಲ್ಲಿ ಜ್ಯೂರಿ ಬಹುಮಟ್ಟಿಗೆ ಮರೆಯಾಯಿತು. ಅದೇ ಪ್ರಶ್ನೆಯನ್ನು ಈಗ ನ್ಯಾಯಾಧೀಶನೊಬ್ಬನೇ ಉತ್ತರಿಸಬೇಕು, ಕಾರಣಗಳನ್ನು ಬರೆದು ಉತ್ತರಿಸಬೇಕು. ಬರೆದ ಕಾರಣಗಳು ಮೇಲಿನ ನ್ಯಾಯಾಲಯಗಳಿಗೆ ಹೋಗುತ್ತವೆ, ವರದಿಗಳಲ್ಲಿ ಅಚ್ಚಾಗುತ್ತವೆ. 1950ರ ಸುಮಾರಿಗೆ ಈ ವಿಷಯದಲ್ಲಿ ಒಮ್ಮೆಗೇ ಇಷ್ಟೊಂದು ತೀರ್ಪುಗಳು ಕಾಣಿಸಿಕೊಳ್ಳುವುದಕ್ಕೆ ಇದು ಒಂದು ಕಾರಣವೆಂದು ನಮ್ಮ ಅಭಿಪ್ರಾಯ.

ಆ ತೀರ್ಪುಗಳಲ್ಲಿ ಪ್ರಸಿದ್ಧವಾದುದು ಬೋಲ್ಟನ್ ಮತ್ತು ಸ್ಟೋನ್. 1947ರ ಆಗಸ್ಟ್ 9ರಂದು ಮ್ಯಾಂಚೆಸ್ಟರಿನ ಚೀಟಮ್ ಬಡಾವಣೆಯ ಕ್ರಿಕೆಟ್ ಬಯಲಿನಿಂದ, ಪರಸ್ಥಳದ ತಂಡದ ದಾಂಡಿಗನೊಬ್ಬ ಹೊಡೆದ ಚೆಂಡು ಬೇಲಿಯನ್ನು ದಾಟಿ, ದಾಂಡಿಗನಿಂದ ಸುಮಾರು 100 ಗಜ ದೂರದಲ್ಲಿ, ತನ್ನ ಮನೆಯ ಮುಂದಿನ ರಸ್ತೆಯಲ್ಲಿ ನಿಂತಿದ್ದ ಮಹಿಳೆಗೆ ಬಡಿಯಿತು. ಬೇಲಿ 7 ಅಡಿ ಎತ್ತರದ್ದು. ನೆಲದ ಏರಿನಿಂದಾಗಿ ಅದರ ತುದಿ ಆಟದ ಪಟ್ಟಿಯ ಮಟ್ಟಕ್ಕಿಂತ 17 ಅಡಿ ಮೇಲಿತ್ತು. ಸುಮಾರು ಮೂವತ್ತು ವರ್ಷಗಳಲ್ಲಿ ಆರು ಬಾರಿಯಷ್ಟು ಚೆಂಡು ಆ ರಸ್ತೆಗೆ ಬಿದ್ದಿರಬಹುದೆಂದು ಸಾಕ್ಷ್ಯ, ಯಾರಿಗೂ ಗಾಯವಾಗಿರಲಿಲ್ಲ. ವಿಚಾರಣಾ ನ್ಯಾಯಾಲಯದಲ್ಲಿ ಆಕೆ ಸೋತರು, ಮೇಲ್ಮನವಿಯಲ್ಲಿ ಗೆದ್ದರು, 1951ರಲ್ಲಿ ಲಾರ್ಡ್ಸ್ ಸಭೆಯಲ್ಲಿ ಮತ್ತೆ ಸೋತರು.

ಈ ತೀರ್ಪಿನ ಬೆಲೆಯಿರುವುದು ಅದು ಒಡೆದು ತೋರಿಸಿದ ಭೇದದಲ್ಲಿ. ಚೆಂಡು ಹೊರಗೆ ಹೋಗಬಹುದೆಂಬುದು ಕ್ಲಬ್ಬಿನವರಿಗೆ ತಿಳಿದೇ ಇತ್ತು, ಹಿಂದೆ ಹೋಗಿತ್ತಲ್ಲವೆ? ಮುಂಗಾಣುವುದೊಂದೇ ಸಾಕಾದರೆ ಕ್ಲಬ್ಬು ಹೊಣೆಯಾಗಬೇಕು. ಲಾರ್ಡ್ ರೀಡ್ ಅಷ್ಟಕ್ಕೆ ನಿಲ್ಲಲಿಲ್ಲ. ಕೇಡು ಸಂಭವನೀಯವೆ ಎಂದು ಕೇಳುವುದು ಸಾಲದು. ವಿವೇಕಿಯೊಬ್ಬನು ಅದನ್ನು ನಿವಾರಿಸದೆ ಬಿಡುವುದು ಸರಿಯಲ್ಲವೆನಿಸುವಷ್ಟು ಅದರ ಸಂಭವವಿತ್ತೆ, ಆದಲ್ಲಿ ಅದರ ಪರಿಣಾಮ ಎಷ್ಟು ಭಾರಿಯಾದುದು ಎಂಬ ಎರಡನ್ನೂ ಒಟ್ಟಿಗೆ ತೂಗಬೇಕೆಂದರು. ನಿವಾರಣೆಗೆ ತಗಲುವ ಕಷ್ಟವನ್ನು ಈ ತೂಕಕ್ಕೆ ಸೇರಿಸಲು ಅವರು ಒಪ್ಪಲಿಲ್ಲವೆಂಬುದು ಗಮನಾರ್ಹ. ಅಪಾಯವಿಲ್ಲದಂತೆ ಆಡಲು ಬಾರದ ಬಯಲಿನಲ್ಲಿ ಕ್ರಿಕೆಟ್ ಆಡಕೂಡದು ಎಂಬುದೇ ಅವರ ಮತ. ಲಾರ್ಡ್ ರ‍್ಯಾಡ್‌ಕ್ಲಿಫ್ ಅದೇ ನಿರ್ಣಯವನ್ನು ವಿಷಾದದಿಂದಲೇ ಒಪ್ಪಿದರು. ಆ ವಿಷಾದ ಅಕಾರಣವಾದುದಲ್ಲ. ಕ್ಲಬ್ಬಿನವರು ತಪ್ಪಿತಸ್ಥರಲ್ಲವೆಂದು ಹೇಳುವುದು ಒಂದು ಮಾತು; ಚೆಂಡಿನ ಪೆಟ್ಟನ್ನು ಪೆಟ್ಟು ತಿಂದವರೇ ಹೊರಬೇಕೆಂಬುದು ಇನ್ನೊಂದು. ನಿರ್ಲಕ್ಷ್ಯದ ಕಾನೂನು ಮೊದಲನೆಯದನ್ನು ಹೇಳಿದೊಡನೆ ಎರಡನೆಯದೂ ತಾನಾಗಿ ಬಂದುಬಿಡುತ್ತದೆ.

ಪರಿಣಾಮದ ಭಾರವೂ ತೂಕಕ್ಕೆ ಸೇರುವುದೆಂದು ಇದಕ್ಕೆ ಕೆಲವೇ ತಿಂಗಳ ಹಿಂದೆ ಸ್ಟೆಪ್ನಿ ಪುರಸಭೆಯ ವ್ಯಾಜ್ಯದಲ್ಲಿ ಅದೇ ಸಭೆ ತೀರ್ಮಾನಿಸಿತ್ತು. ಒಂದು ಕಣ್ಣು ಮಾತ್ರ ಸರಿಯಾಗಿದ್ದ ಗ್ಯಾರೇಜಿನ ಕೆಲಸಗಾರನೊಬ್ಬನು ವಾಹನದ ಕೆಳಗೆ ತುಕ್ಕು ಹಿಡಿದ ಬೋಲ್ಟನ್ನು ಸುತ್ತಿಗೆಯಿಂದ ಹೊಡೆಯುತ್ತಿದ್ದಾಗ, ಲೋಹದ ಚೂರು ಸಿಡಿದು ಇದ್ದ ಒಂದು ಕಣ್ಣೂ ಹೋಯಿತು. ಎರಡು ಕಣ್ಣಿನವರಿಗೆ ಆ ಕೆಲಸದಲ್ಲಿ ರಕ್ಷಣೆಯ ಕನ್ನಡಕ ಕೊಡುವ ಪದ್ಧತಿ ಇರಲಿಲ್ಲ. ಚೂರು ಸಿಡಿಯುವ ಸಂಭವ ಇಬ್ಬರಿಗೂ ಒಂದೇ. ಆದರೆ ಒಬ್ಬನು ಒಕ್ಕಣ್ಣನಾಗುತ್ತಾನೆ, ಇನ್ನೊಬ್ಬನು ಕುರುಡನಾಗುತ್ತಾನೆ. ಐವರಲ್ಲಿ ಮೂವರು ಪುರಸಭೆಯನ್ನು ಹೊಣೆಮಾಡಿದರು. 1953ರ ಲ್ಯಾಟಿಮರ್ ವ್ಯಾಜ್ಯದಲ್ಲಿ ನಿವಾರಣೆಯ ಹೊರೆಯೂ ತಕ್ಕಡಿಗೆ ಬಂದಿತು: ಭಾರಿ ಮಳೆಯ ನೀರು ಎಣ್ಣೆಯೊಡನೆ ಬೆರೆತು ಜಾರುತ್ತಿದ್ದ ಕಾರ್ಖಾನೆಯ ನೆಲಕ್ಕೆ, ದೊರೆತಷ್ಟು ಮರದ ಹೊಟ್ಟನ್ನು ಹರಡಿಸಿದ ಮಾಲೀಕರು ಕಾರ್ಖಾನೆಯನ್ನೇ ಮುಚ್ಚಬೇಕಾಗಿರಲಿಲ್ಲವೆಂದು ತೀರ್ಪಾಯಿತು. ಮರುವರ್ಷದ ವ್ಯಾಜ್ಯವೊಂದರಲ್ಲಿ ಸಾಧಿಸಬೇಕಾಗಿದ್ದ ಕಾರ್ಯದ ಮಹತ್ತ್ವವೂ ಸೇರಿತು. ವಾಹನದ ಕೆಳಗೆ ಸಿಕ್ಕಿಬಿದ್ದ ಹೆಂಗಸನ್ನು ಬಿಡಿಸಲು ಹೊರಟ ಅಗ್ನಿಶಾಮಕ ದಳದವನು ಗಾಯಗೊಂಡಾಗ ಬಂದ ವ್ಯಾಜ್ಯ ಅದು.

ಇದೇ ತಕ್ಕಡಿಯನ್ನು ಅಮೆರಿಕದಲ್ಲಿ ನ್ಯಾಯಾಧೀಶ ಲರ್ನೆಡ್ ಹ್ಯಾಂಡ್ ಬೀಜಗಣಿತದ ರೂಪಕ್ಕೆ ತಂದಿದ್ದರು. 1944ರ ಜನವರಿಯಲ್ಲಿ ನ್ಯೂಯಾರ್ಕ್ ಬಂದರಿನಲ್ಲಿ ಹಿಟ್ಟನ್ನು ತುಂಬಿಕೊಂಡಿದ್ದ ‘ಆ್ಯನಾ ಸಿ’ ಎಂಬ ಸರಕುದೋಣಿ ಕಟ್ಟು ಬಿಚ್ಚಿಕೊಂಡು ತೇಲಿಹೋಗಿ ಮುಳುಗಿತು. ಅದರ ಕಾವಲುಗಾರನು 21 ಗಂಟೆಗಳ ಕಾಲ ದೋಣಿಯಲ್ಲಿರಲಿಲ್ಲ. ಕಟ್ಟು ಬಿಚ್ಚುವ ಸಂಭವವನ್ನು ಆಗಬಹುದಾದ ನಷ್ಟದಿಂದ ಗುಣಿಸಿದ ಮೊತ್ತಕ್ಕಿಂತ ಎಚ್ಚರಿಕೆಯ ಹೊರೆ ಕಡಮೆಯಾಗಿದ್ದರೆ, ಎಚ್ಚರಿಕೆ ವಹಿಸದಿರುವುದು ತಪ್ಪು ಎಂದು 1947ರಲ್ಲಿ ಅವರು ಬರೆದರು. ಈ ಸೂತ್ರದ ಸುತ್ತ ಅರ್ಥಶಾಸ್ತ್ರಜ್ಞರು ಮುಂದೆ ಒಂದು ಶಾಸ್ತ್ರವನ್ನೇ ಕಟ್ಟಿದರು. ಅದು ನಾವೆಗಳ ವ್ಯಾಜ್ಯ, ಅಂತಹವುಗಳಲ್ಲಿ ಜ್ಯೂರಿಯಿಲ್ಲ ಎಂಬುದನ್ನು ಮಾತ್ರ ಮರೆಯಲಾಗದು. ಇಲ್ಲಿಯೂ ಕಾರಣ ಹೇಳಬೇಕಾದ ನ್ಯಾಯಾಧೀಶನೇ ಸೂತ್ರವನ್ನು ಹುಡುಕಿದನು. ಸಂಭವಕ್ಕೂ ನಷ್ಟಕ್ಕೂ ಯಾರೂ ಅಂಕಿಗಳನ್ನು ಒದಗಿಸಲಾರರಾದ್ದರಿಂದ ಇದು ಲೆಕ್ಕವಲ್ಲ, ಲೆಕ್ಕದ ವೇಷ ಎಂದರೆ ಅನ್ಯಾಯವಾಗಲಾರದು. ಆದರೂ ಯಾವ ಮೂರನ್ನು ತೂಗುತ್ತಿದ್ದೇವೆಂದು ಅದು ಮುಚ್ಚುಮರೆಯಿಲ್ಲದೆ ಹೇಳುತ್ತದೆ.

ಲಾರ್ಡ್ ರೀಡ್‌ರೇ 1966ರಲ್ಲಿ ಪ್ರಿವಿ ಕೌನ್ಸಿಲಿನಲ್ಲಿ ತಮ್ಮ ಹಿಂದಿನ ಮಾತಿಗೆ ಎಲ್ಲೆ ಹಾಕಿದರು. 1951ರಲ್ಲಿ ಸಿಡ್ನಿ ಬಂದರಿನ ನೀರಿನ ಮೇಲೆ ‘ವ್ಯಾಗನ್ ಮೌಂಡ್’ ಎಂಬ ಹಡಗಿನಿಂದ ಸೋರಿದ ಕುಲುಮೆ ಎಣ್ಣೆಗೆ ಬೆಂಕಿ ತಗುಲಿತ್ತು. ಅಂತಹ ಎಣ್ಣೆ ನೀರಿನ ಮೇಲೆ ಹೊತ್ತಿಕೊಳ್ಳುವ ಸಂಭವ ತೀರ ಅಲ್ಪ. ಆದರೆ ಎಣ್ಣೆ ಸೋರದಂತೆ ನೋಡಿಕೊಳ್ಳಲು ಯಾವ ವೆಚ್ಚವೂ ಇರಲಿಲ್ಲ, ಸೋರಿಸುವುದರಿಂದ ಯಾರಿಗೂ ಲಾಭವಿರಲಿಲ್ಲ. ಅಪಾಯ ಸಣ್ಣದೆಂಬುದೊಂದೇ ಅದನ್ನು ಉಪೇಕ್ಷಿಸಲು ಕಾರಣವಾಗದು. ಉಪೇಕ್ಷಿಸಲು ತಕ್ಕ ಹೇತುವೊಂದಿರಬೇಕು ಎಂಬುದು ಈ ಸಲದ ನಿರ್ಣಯ. 1951ರಲ್ಲಿ ಹೊರಗಿಟ್ಟಿದ್ದ ನಿವಾರಣೆಯ ಕಷ್ಟ ಹದಿನೈದು ವರ್ಷಗಳಲ್ಲಿ ಒಳಗೆ ಬಂದು ಕುಳಿತಿತ್ತು.

ಇಷ್ಟರವರೆಗೆ ಹೇಳಿದ್ದು ಸಾಮಾನ್ಯನ ಕಣ್ಣಿಗೆ ಕಾಣುವ ಅಪಾಯಗಳ ಮಾತು. ತಜ್ಞರ ಕಣ್ಣಿಗೂ ಕಾಣದ ಅಪಾಯದ ಮಾತು ಬಂದಾಗ ಕಾಲದ ಪ್ರಶ್ನೆ ತನ್ನ ಪೂರ್ಣ ಕಠೋರತೆಯಲ್ಲಿ ಎದುರಾಗುತ್ತದೆ. 1947ರ ಅಕ್ಟೋಬರ್ 13ರಂದು ಇಂಗ್ಲೆಂಡಿನ ಚೆಸ್ಟರ್‌ಫೀಲ್ಡ್ ಆಸ್ಪತ್ರೆಯಲ್ಲಿ ಇಬ್ಬರು ರೋಗಿಗಳಿಗೆ ಸಾಧಾರಣವಾದ ಶಸ್ತ್ರಚಿಕಿತ್ಸೆ ನಡೆಯಿತು. ಇಬ್ಬರಿಗೂ ಬೆನ್ನುಹುರಿಯ ಬಳಿ ಅರಿವಳಿಕೆಯ ಚುಚ್ಚುಮದ್ದನ್ನು ಕೊಟ್ಟರು. ಇಬ್ಬರೂ ಸೊಂಟದಿಂದ ಕೆಳಕ್ಕೆ ಶಾಶ್ವತವಾಗಿ ಸ್ವಾಧೀನ ಕಳೆದುಕೊಂಡರು. ಮದ್ದಿನ ಗಾಜಿನ ಕುಪ್ಪಿಗಳನ್ನು ಸೋಂಕು ತಗಲದಿರಲೆಂದು ಫಿನಾಲ್ ದ್ರಾವಣದಲ್ಲಿ ಮುಳುಗಿಸಿಡುತ್ತಿದ್ದರು; ಗಾಜಿನಲ್ಲಿದ್ದ ಕಣ್ಣಿಗೆ ಕಾಣದ ಬಿರುಕುಗಳ ಮೂಲಕ ಫಿನಾಲ್ ಒಳಕ್ಕೆ ಇಳಿದಿತ್ತು ಎಂದು ನ್ಯಾಯಾಲಯ ನಿರ್ಣಯಿಸಿತು. ಹೆಚ್ಚಿನ ಎಚ್ಚರಿಕೆಗೆಂದು ಮಾಡಿದ ಏರ್ಪಾಡೇ ವಿಷವಾಗಿತ್ತು. ಇಂತಹ ಬಿರುಕುಗಳ ಅಪಾಯವನ್ನು ವೈದ್ಯಗ್ರಂಥವೊಂದು ಎತ್ತಿ ಹೇಳಿದ್ದು 1951ರಲ್ಲಿ. ಘಟನೆಯ ತರುವಾಯ ಆ ಆಸ್ಪತ್ರೆಯವರು ದ್ರಾವಣಕ್ಕೆ ಗಾಢವಾದ ಬಣ್ಣವನ್ನು ಬೆರೆಸತೊಡಗಿದರು. ಒಳಗೆ ಇಳಿದರೆ ಬಣ್ಣದಿಂದ ತಿಳಿಯುತ್ತದೆ. ಎಷ್ಟು ಸುಲಭವಾದ ಉಪಾಯ! 1954ರಲ್ಲಿ ಮೇಲ್ಮನವಿಯನ್ನು ತಳ್ಳಿಹಾಕುತ್ತ ಡೆನಿಂಗ್, 1947ರ ಘಟನೆಯನ್ನು 1954ರ ಕನ್ನಡಕ ಹಾಕಿಕೊಂಡು ನೋಡಲಾಗದೆಂದರು. ಅನಾಹುತದಿಂದ ಕಲಿತ ಪಾಠ, ಅದಕ್ಕೆ ಮುಂಚೆ ಆ ಪಾಠ ತಿಳಿದಿರಬೇಕಾಗಿತ್ತು ಎಂಬುದಕ್ಕೆ ಸಾಕ್ಷ್ಯವಾಗದು. ಇಬ್ಬರಿಗೂ ಪರಿಹಾರ ದೊರೆಯಲಿಲ್ಲ.

ತರ್ಕದಲ್ಲಿ ಈ ತೀರ್ಪು ನಿರ್ದುಷ್ಟವಾದುದೆಂದೇ ನಮ್ಮ ಅಭಿಪ್ರಾಯ. ಆದರೆ ಅದರ ಇತಿಹಾಸ ಅಲ್ಲಿಗೆ ಮುಗಿಯುವುದಿಲ್ಲ. ಫಿನಾಲ್ ಬಿರುಕುಗಳಲ್ಲಿ ಇಳಿದಿತ್ತೆಂಬ ವಿವರಣೆಯನ್ನೇ ಮುಂದೆ ಅರಿವಳಿಕೆಯ ತಜ್ಞರು ಸಂದೇಹಿಸಿದರು. ಉಪಕರಣಗಳನ್ನು ಕುದಿಸುವ ಪಾತ್ರೆಯ ಕರಿಕೆಯನ್ನು ತೆಗೆಯಲು ಬಳಸಿದ ಆಮ್ಲ ಸರಿಯಾಗಿ ತೊಳೆಯದೆ ಉಳಿದು ಸಿರಿಂಜು ಸೂಜಿಗಳಿಗೆ ಹತ್ತಿದ್ದಿರಬಹುದೆಂದು 1990ರಲ್ಲಿ ಪ್ರಕಟವಾದ ಪುನರ್ವಿಮರ್ಶೆಯೊಂದು ವಾದಿಸಿತು. ಅದು ನಿಜವಾಗಿದ್ದ ಪಕ್ಷಕ್ಕೆ, ಕಾಣದ ಬಿರುಕಿನ ಮಾತೇ ಬೇಡ. ತೊಳೆಯಬೇಕಾದ ಪಾತ್ರೆಯನ್ನು ತೊಳೆಯದಿರುವುದು 1947ರ ಕಣ್ಣಿಗೂ 1837ರ ಕಣ್ಣಿಗೂ ಒಂದೇ ತೆರನಾದ ಅಲಕ್ಷ್ಯ. ನ್ಯಾಯಾಲಯವು ಹಿಂದಿನ ಕಾಲದ ಅಜ್ಞಾನವನ್ನು ಗೌರವಿಸುವಾಗ ತನ್ನ ಕಾಲದ ಜ್ಞಾನವನ್ನು ನೆಚ್ಚಿಕೊಂಡೇ ಹಾಗೆ ಮಾಡುತ್ತದೆ. ಆ ಜ್ಞಾನವೂ ಬದಲಾಗುವುದೆಂಬ ಸಂಗತಿಗೆ ನಮ್ಮ ವ್ಯವಹಾರವಿಧಿಯಲ್ಲಿ ಎಡೆಯಿಲ್ಲ.

ಈ ವ್ಯಾಜ್ಯದ ವಿಚಾರಣೆಯನ್ನು ನಡೆಸಿದ್ದ ನ್ಯಾಯಾಧೀಶ ಮ್ಯಾಕ್‌ನೇರ್ ಅವರೇ 1957ರಲ್ಲಿ ಬೋಲಮ್ ವ್ಯಾಜ್ಯವನ್ನೂ ವಿಚಾರಿಸಿದರು. ಮನೋರೋಗಿಯೊಬ್ಬರಿಗೆ 1954ರಲ್ಲಿ ವಿದ್ಯುದಾಘಾತದ ಚಿಕಿತ್ಸೆ ಕೊಡುವಾಗ ಸ್ನಾಯುಗಳನ್ನು ಸಡಿಲಿಸುವ ಮದ್ದನ್ನು ಕೊಟ್ಟಿರಲಿಲ್ಲ, ಕೈಕಾಲುಗಳನ್ನು ಹಿಡಿದುಕೊಂಡೂ ಇರಲಿಲ್ಲ. ಸೆಳೆತದಲ್ಲಿ ಸೊಂಟದ ಎಲುಬುಗಳು ಮುರಿದವು. ಮದ್ದು ಕೊಡುವ ವೈದ್ಯರೂ ಇದ್ದರು, ಕೊಡದವರೂ ಇದ್ದರು. ವೃತ್ತಿಯಲ್ಲಿ ಹೊಣೆಯರಿತ ಒಂದು ಪಕ್ಷದವರು ಸರಿಯೆಂದು ಒಪ್ಪಿದ ಪದ್ಧತಿಯನ್ನು ಅನುಸರಿಸಿದ ವೈದ್ಯನು, ಇನ್ನೊಂದು ಪಕ್ಷ ಬೇರೆ ಮತವನ್ನು ಹೊಂದಿದೆಯೆಂಬ ಮಾತ್ರಕ್ಕೆ ಅಲಕ್ಷ್ಯದ ದೋಷಿಯಾಗನು ಎಂದು ನ್ಯಾಯಾಧೀಶರು ಜ್ಯೂರಿಗೆ ತಿಳಿಸಿದರು. ಆ ವೇಳೆಗೆ ಅಪರೂಪವಾಗಿದ್ದ ಜ್ಯೂರಿ ಆಸ್ಪತ್ರೆಯ ಪರವಾಗಿ ತೀರ್ಪಿತ್ತಿತು. ಒಂದು ವ್ಯಾಜ್ಯದಲ್ಲಿ ಸಾಮಾನ್ಯರಿಗೆ ಹೇಳಿದ ಉಪದೇಶ ಹೀಗೆ ಎಲ್ಲ ನ್ಯಾಯಾಧೀಶರನ್ನೂ ಕಟ್ಟುವ ಸೂತ್ರವಾಗಿ ಬೆಳೆಯಿತು.

ಇದರ ಪಕ್ಕದಲ್ಲಿ ಹ್ಯಾಂಡ್ ಅವರ 1932ರ ಇನ್ನೊಂದು ತೀರ್ಪನ್ನು ಇಟ್ಟು ನೋಡಬೇಕು. 1928ರ ಮಾರ್ಚಿನಲ್ಲಿ ನ್ಯೂಜೆರ್ಸಿಯ ಕರಾವಳಿಯಲ್ಲಿ ಬಿರುಗಾಳಿಗೆ ಸಿಕ್ಕಿ ಕಲ್ಲಿದ್ದಲಿನ ದೋಣಿಗಳು ಮುಳುಗಿದವು. ಅವುಗಳನ್ನು ಎಳೆಯುತ್ತಿದ್ದ ನಾವೆಗಳಲ್ಲಿ ಹವೆಯ ವರ್ತಮಾನವನ್ನು ಕೇಳಲು ಸುಸ್ಥಿತಿಯಲ್ಲಿದ್ದ ರೇಡಿಯೋ ಇರಲಿಲ್ಲ. ಅಂತಹ ರೇಡಿಯೋ ಇಡುವುದು ಆ ಕಸಬಿನಲ್ಲಿ ಇನ್ನೂ ರೂಢಿಯಾಗಿರಲಿಲ್ಲವೆಂಬ ವಾದಕ್ಕೆ, ಇಡೀ ಕಸಬೇ ಹಿಂದುಳಿದಿರಬಹುದು, ಕೊನೆಯ ಮಾತು ನ್ಯಾಯಾಲಯದ್ದು ಎಂದು ಅವರು ಉತ್ತರಿಸಿದರು. ನಾವಿಕರಿಗೆ ಒಂದು ನ್ಯಾಯ, ವೈದ್ಯರಿಗೆ ಇನ್ನೊಂದು ನ್ಯಾಯ ಏಕೆ? ವಿದ್ಯೆಯ ಬಗೆಗಿನ ಗೌರವವೇ ಇದಕ್ಕೆ ಕಾರಣವೆಂದು ಕೆಲವರು ಹೇಳಬಹುದು. ಒಂದೇ ಸಾಮಾಜಿಕ ವರ್ಗದ ಜನರ ಪರಸ್ಪರ ವಿಶ್ವಾಸವೂ ಇದ್ದೀತು. ವೃತ್ತಿಯ ಅಭಿಪ್ರಾಯ ತರ್ಕದ ಪರೀಕ್ಷೆಯಲ್ಲಿ ನಿಲ್ಲಬೇಕೆಂದು ಲಾರ್ಡ್ಸ್ ಸಭೆ 1997ರ ಬೊಲಿತೊ ವ್ಯಾಜ್ಯದಲ್ಲಿ ಸೇರಿಸಿತು. ಚಿಕಿತ್ಸೆಯ ಅಪಾಯಗಳನ್ನು ರೋಗಿಗೆ ತಿಳಿಸುವ ವಿಷಯದಲ್ಲಂತೂ 2015ರ ಮಾಂಟ್‌ಗೊಮರಿ ತೀರ್ಪು ಬೋಲಮ್ ಸೂತ್ರವನ್ನು ಬಿಟ್ಟೇಬಿಟ್ಟಿತು.

ಭಾರತಕ್ಕೆ ಈ ಅಳತೆಗೋಲು ಶಾಸನದ ಮೂಲಕ ಬರಲಿಲ್ಲ. ಕರಾರು, ಸಾಕ್ಷ್ಯ, ದಂಡನೆ ಎಲ್ಲಕ್ಕೂ ಸಂಹಿತೆಗಳಾದ ಕಾಲದಲ್ಲಿ ಅಪಕೃತ್ಯಗಳಿಗೂ ಒಂದು ಸಂಹಿತೆಯ ಕರಡನ್ನು ಸರ್ ಫ್ರೆಡರಿಕ್ ಪೊಲಾಕ್ 1886ರಲ್ಲಿ ಸಿದ್ಧಪಡಿಸಿದ್ದರು. ಅದು ಶಾಸನವಾಗಲೇ ಇಲ್ಲ. ‘ನ್ಯಾಯ, ಸಮತೆ, ಅಂತಃಸಾಕ್ಷಿ’ ಎಂಬ ಹೆಸರಿನಲ್ಲಿ ಇಂಗ್ಲೆಂಡಿನ ತೀರ್ಪುಗಳೇ ನಮ್ಮ ನ್ಯಾಯಾಲಯಗಳನ್ನು ಹೊಕ್ಕವು. ಸ್ವತಂತ್ರ ಭಾರತದ ಸರ್ವೋಚ್ಚ ನ್ಯಾಯಾಲಯ ಮಾತ್ರ ಅವನ್ನು ಹಾಗೆ ಹಾಗೆಯೇ ಉಪಯೋಗಿಸಲಿಲ್ಲವೆಂಬುದಕ್ಕೆ ದೆಹಲಿಯ ಗಡಿಯಾರ ಗೋಪುರದ ವ್ಯಾಜ್ಯ ನಿದರ್ಶನ. ಚಾಂದನಿ ಚೌಕದಲ್ಲಿ ಪುರಭವನದ ಎದುರಿಗಿದ್ದ ಗೋಪುರ ಕುಸಿದು ಜನ ಸತ್ತರು. ಕಟ್ಟಡಕ್ಕೆ ಸುಮಾರು 80 ವರ್ಷ ವಯಸ್ಸು. ಅಂತಹ ಗಾರೆಯ ಕಟ್ಟಡದ ಬಾಳಿಕೆ 40–45 ವರ್ಷ ಎಂದು ಇಂಜಿನಿಯರರ ಸಾಕ್ಷ್ಯ. ದೋಷ ಹೊರಗೆ ಕಾಣುತ್ತಿರಲಿಲ್ಲವೆಂಬ ಪೌರಸಂಸ್ಥೆಯ ವಾದವನ್ನು 1966ರಲ್ಲಿ ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. ಹೆದ್ದಾರಿಯ ಮಗ್ಗುಲಲ್ಲಿ ಕಟ್ಟಡವನ್ನು ಹೊಂದಿರುವವನು ಅದು ಕುಸಿಯದಂತೆ ಆಗಿಂದಾಗ್ಗೆ ಪರೀಕ್ಷಿಸುತ್ತಿರಬೇಕು. ದೋಷ ಕಾಣುವಂತಹುದೋ ಅಡಗಿದ್ದುದೋ ಎಂಬುದು ಅಲ್ಲಿ ಮುಖ್ಯವಲ್ಲ. ಕುಸಿತವೇ ಮೇಲ್ನೋಟಕ್ಕೆ ಅಲಕ್ಷ್ಯದ ಸಾಕ್ಷ್ಯವಾಯಿತು. ಬರ್ಮಿಂಗ್‌ಹ್ಯಾಮಿನ ಬಿರಡೆಯ 25 ವರ್ಷಗಳ ನಿರುಪದ್ರವ ಸೇವೆ ಕಂಪನಿಯನ್ನು ಉಳಿಸಿತು. ದೆಹಲಿಯ ಗೋಪುರದ 80 ವರ್ಷಗಳ ಸೇವೆ ಪೌರಸಂಸ್ಥೆಯನ್ನು ಸಿಕ್ಕಿಹಾಕಿಸಿತು. ಹಿಮ ಹೊರಗಿನಿಂದ ಬರುತ್ತದೆ, ಮುಪ್ಪು ಒಳಗಿನಿಂದ ಬರುತ್ತದೆ. ಎರಡನೆಯದನ್ನು ಮುಂಗಾಣದವನು ವಿವೇಕಿಯೆನಿಸನು.

ವೈದ್ಯರ ವಿಷಯದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ 1968ರಲ್ಲಿ ಪುಣೆಯ ಶಸ್ತ್ರವೈದ್ಯರೊಬ್ಬರ ಪ್ರಕರಣದಲ್ಲಿ, ಅತ್ಯುನ್ನತವೂ ಅಲ್ಲದ ತೀರ ಕೀಳೂ ಅಲ್ಲದ ಮಧ್ಯಮ ಮಟ್ಟದ ಎಚ್ಚರವನ್ನು ನಿಗದಿಮಾಡಿತು. ಸರಿಯಾಗಿ ಅರಿವಳಿಕೆ ಕೊಡದೆ ತೊಡೆಯೆಲುಬಿನ ಮುರಿತವನ್ನು ಬಲಪ್ರಯೋಗದಿಂದ ಕೂಡಿಸಹೊರಟದ್ದು ಆ ಮಟ್ಟವನ್ನು ಮುಟ್ಟಲಿಲ್ಲ, ವೈದ್ಯರು ಹೊಣೆಯಾದರು. 2005ರ ಜೇಕಬ್ ಮ್ಯಾಥ್ಯೂ ತೀರ್ಪು ಬೋಲಮ್ ಸೂತ್ರವನ್ನು ಭಾರತಕ್ಕೆ ಸ್ಪಷ್ಟವಾಗಿ ಅಂಗೀಕರಿಸಿತು. 2010ರಲ್ಲಿ ಹೈದರಾಬಾದಿನಿಂದ ಬಂದ, ಮಲೇರಿಯಾ ರೋಗಿಗೆ ಟೈಫಾಯಿಡ್ ಚಿಕಿತ್ಸೆ ನಡೆಸಿದ ಪ್ರಕರಣದಲ್ಲಿ, ಸಂವಿಧಾನದ 21ನೆಯ ಅನುಚ್ಛೇದದ ಬೆಳಕಿನಲ್ಲಿ ಆ ಸೂತ್ರವನ್ನು ಮರುಪರಿಶೀಲಿಸಬೇಕಾದೀತೆಂಬ ಸಂದೇಹವನ್ನು ಅದೇ ನ್ಯಾಯಾಲಯ ಸೂಚಿಸಿತು. ಜೇಕಬ್ ಮ್ಯಾಥ್ಯೂ ತೀರ್ಪು ದಂಡನೆಗೆ ಸಂಬಂಧಿಸಿದ್ದೆಂಬುದನ್ನು, ಪರಿಹಾರದ ವ್ಯಾಜ್ಯಗಳಲ್ಲಿ ಅದನ್ನು ಉದ್ಧರಿಸುವವರು ಎಷ್ಟೋ ವೇಳೆ ಗಮನಿಸುವುದಿಲ್ಲ.

ದಂಡನೆಗೂ ಪರಿಹಾರಕ್ಕೂ ಅಳತೆ ಬೇರೆಯೆಂಬುದನ್ನು ಚೆನ್ನಾಗಿ ತೋರುವ ತೀರ್ಪೊಂದು ಕರ್ನಾಟಕದಿಂದಲೇ ಹೋಗಿದೆ. ರಸ್ತೆಯನ್ನು ದಾಟುತ್ತಿದ್ದ ಪುಟ್ಟ ಮಗುವೊಂದು ಬಸ್ಸಿಗೆ ಸಿಕ್ಕಿ ಸತ್ತಿತು. ಚಾಲಕನು ಬಸ್ಸನ್ನು ಬಲಬದಿಯ ಅಂಚಿಗೆ ತಿರುಗಿಸಿದ್ದನು. ಘಟನೆಯೇ ಅಲಕ್ಷ್ಯವನ್ನು ಸಾರುತ್ತದೆಯೆಂಬ ತತ್ತ್ವವನ್ನು ಹಿಡಿದು ಕೆಳಗೆ ಅವನನ್ನು ದೋಷಿಯೆಂದು ಮಾಡಿದ್ದರು. 1979ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವನನ್ನು ಬಿಡುಗಡೆಮಾಡಿತು: ಸಿವಿಲ್ ವ್ಯಾಜ್ಯದಲ್ಲಿ ಆ ತತ್ತ್ವ ಪ್ರತಿವಾದಿಯಿಂದ ವಿವರಣೆಯನ್ನು ಕೇಳಬಹುದು, ದಂಡನೆಯ ಮೊಕದ್ದಮೆಯಲ್ಲಿ ರುಜುವಾತಿನ ಹೊಣೆ ಎಂದಿಗೂ ಆರೋಪಿಯ ಮೇಲೆ ಬೀಳದು. ಆಗ ಅನ್ವಯಿಸಿದ ದಂಡಸಂಹಿತೆಯ 304ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಾಗಿದೆ. ಮೋಟಾರು ಅಪಘಾತದ ಪರಿಹಾರದಲ್ಲಂತೂ ಶಾಸನವೇ ಕರ್ತವ್ಯಭಂಗದ ಪ್ರಶ್ನೆಯನ್ನು ಭಾಗಶಃ ಬದಿಗೊತ್ತಿದೆ. 1982ರ ತಿದ್ದುಪಡಿಯಿಂದ ಮೊದಲಾದ ಈ ಕ್ರಮ, 2019ರ ತಿದ್ದುಪಡಿಯ 164ನೆಯ ಕಲಮಿನಲ್ಲಿ, ಅಲಕ್ಷ್ಯವನ್ನು ಹೇಳಿಕೊಳ್ಳದೆಯೇ ಮರಣಕ್ಕೆ 5 ಲಕ್ಷ ರೂಪಾಯಿ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಎಂದು ನಿಂತಿದೆ. ಅದಕ್ಕಿಂತ ಹೆಚ್ಚು ಬೇಕೆನ್ನುವವನು 166ನೆಯ ಕಲಮನ್ನು ಹಿಡಿದು ನ್ಯಾಯಮಂಡಲಿಯ ಮುಂದೆ ನಿಂತು, ಚಾಲಕನ ಎಚ್ಚರಗೇಡಿತನವನ್ನು ಸಾಕ್ಷ್ಯದಿಂದಲೇ ತೋರಿಸಬೇಕು.